ಬಿಳಿ ಕಂಬದ ಆಚೆ ನಿಂತ ಹಂದಿಗಳು

ತಾಯಿಯನ್ನು ಮಣ್ಣು ಮಾಡುವ ದಿನ ತಾನು ಕೂತಿದ್ದ ರೈಲನ್ನು ಕ್ರಾಸಿಂಗಿನಲ್ಲಿ ನಿಲ್ಲಿಸಿಟ್ಟು, ಕಲ್ಲಿದ್ದಲಿನ ಖಾಲಿ ಬೋಗಿಗಳನ್ನು ಮೊದಲು ಬಿಟ್ಟ ಲಾಯ್ಡ್ ಪೆಂಡರ್‌ಗಾಸ್ಟನನ್ನು ಎಮಿಲ್ ಹ್ರುಶ್ಕಾ ಇವತ್ತಿಗೂ ಕ್ಷಮಿಸಿಲ್ಲ. ಅವನು ಸ್ಮಶಾನ ಮುಟ್ಟುವ ಹೊತ್ತಿಗೆ ಪಾದ್ರಿ ಕೂಡ ಮನೆಗೆ ಹೋಗಿದ್ದ. ಕ್ಷಮಿಸಬೇಕು ಅನ್ನುವವರು ತಾವೇ ಹೋಗಿ ಕ್ಷಮಿಸಲಿ.

ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ, ವೆಲ್ಬಿಯಲ್ಲಿ, ಎರಡು ಕಂಪನಿಗಳ ಹಳಿಗಳು ಒಂದನ್ನೊಂದು ಅಡ್ಡ ಹಾಯುತ್ತಿದ್ದವು. ಎಮಿಲ್ ಸಣ್ಣ ಲೈನಿನ ಸ್ಟೇಷನ್ ಮಾಸ್ತರ. ಲಾಯ್ಡ್ ದೊಡ್ಡ ಲೈನಿನವನು; ಮರದ ಗೋಪುರದಲ್ಲಿ ಕೂತು, ಲಿವರ್ ಎಳೆದು, ಯಾರ ರೈಲು ಮೊದಲು ದಾಟಬೇಕೆಂದು ತೀರ್ಮಾನಿಸುವವನು. ಎರಡು ಲೈನುಗಳನ್ನು ಸೇರಿಸುವ ಒಂದು ತುಂಡು ಹಳಿಯಿತ್ತು. ಸಣ್ಣ ಲೈನಿನವರು ಅಲ್ಲಿ ಬಿಟ್ಟ ಬೋಗಿಯನ್ನು ದೊಡ್ಡ ಲೈನಿನವರು ಬಂದು ಒಯ್ಯಬೇಕು. ನಡುವೆ ಒಂದು ಬಿಳಿ ಕಂಬ. ಬೋಗಿ ಕಂಬ ದಾಟಿತೋ, ಹೊಣೆಯೂ ದಾಟಿತು. ಎಮಿಲ್ ಮಾತ್ರ ಕಂಬ ದಾಟಿಸಿ ಸುಮ್ಮನಾಗುತ್ತಿರಲಿಲ್ಲ. ಗೋಪುರದಿಂದ ದೂರದ ಕಟ್ಟಕಡೆಯ ತುದಿಯವರೆಗೂ ತಳ್ಳಿಸುತ್ತಿದ್ದ. ಲಾಯ್ಡ್‌ನ ಕಡೆಯವರು ಬಿಸಿಲಲ್ಲಿ ನಡೆದು ಸಾಯಲಿ ಎಂದು.

ಆ ಜುಲೈಯಲ್ಲಿ ಆಂಟನ್ ಕುಚೇರಾನ ಹಂದಿಗಳನ್ನೂ ಹಾಗೆಯೇ ತಳ್ಳಿಸಿದ. ಸುತ್ತಲಿನ ರೈತರೆಲ್ಲ ಆಗಲೇ ಲಾರಿಗೆ ಒಲಿದಿದ್ದರು. ಉಳಿದವನು ಆಂಟನ್ ಒಬ್ಬನೇ. ಅವನೂ ಹೋದರೆ ಕಂಪನಿ ವೆಲ್ಬಿ ಸ್ಟೇಷನ್ನಿಗೆ ಬೀಗ ಜಡಿಯುತ್ತಿತ್ತು. "ಈ ಸಲ ರೈಲಿಗೇ ಹಾಕು ಮಾರಾಯ, ಜೀವಂತ ಮುಟ್ಟಿಸೋದು ನನ್ನ ಜವಾಬ್ದಾರಿ" ಎಂದು ಎಮಿಲ್ ಅವನ ಅಂಗಳದಲ್ಲಿ ಬಿಯರ್ ಕುಡಿದು ಮಾತು ಕೊಟ್ಟು ಬಂದಿದ್ದ.

ಮಧ್ಯಾಹ್ನದೊಳಗೆ ಬರಬೇಕಿದ್ದ ದೊಡ್ಡ ಲೈನಿನ ಗೂಡ್ಸ್ ಬರಲಿಲ್ಲ. ಪಶ್ಚಿಮದಲ್ಲೆಲ್ಲೋ ಹಳಿ ಕೆಟ್ಟಿತ್ತಂತೆ, ಸಂಜೆಯಾದೀತಂತೆ. ಎಮಿಲ್ ಬೋಗಿಯ ಕಬ್ಬಿಣ ಮುಟ್ಟಿ ಕೈ ಕಿತ್ತುಕೊಂಡ. ಒಳಗೆ ಹಂದಿಗಳು ಒಂದರ ಮೇಲೊಂದು ಬಿದ್ದು, ಬಾಯಿ ತೆರೆದು ಏದುತ್ತಿದ್ದವು. ಕಾದ ಹಂದಿಯ ಬೆನ್ನಿಗೆ ತಣ್ಣೀರು ಸುರಿದರೆ ಅದು ನಿಂತಲ್ಲೇ ಸಾಯುತ್ತದೆ. ಕಾಲಡಿಗೆ ಹಾಸಿದ ಮರಳು ತೋಯಿಸಬೇಕು. ಬಕೆಟ್ಟಿನಲ್ಲಿ ಹೊತ್ತು ಹೊತ್ತು ಸುರಿದ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕೊನೆಗೆ ಗೋಪುರದ ಕೆಳಗೆ ಹೋಗಿ ನಿಂತ.

"ಏನಯ್ಯಾ ಎಮಿಲ್, ಹಂದಿ ಮಕ್ಕಳಿಗೆ ಸ್ನಾನವಾ?" ಲಾಯ್ಡ್ ಕಿಟಕಿಯಿಂದ ಕೇಳಿದ.

"ನಿನ್ನ ನೀರಿನ ಪೈಪು ಬೇಕು."

"ಪೈಪು ಕಂಬದ ತನಕ ಬರುತ್ತೆ, ಅಷ್ಟೇ. ನಮ್ಮೋರ ಕಾಲು ನೋಯ್ಲಿ ಅಂತ ಬೋಗಿನ ಪ್ರಪಂಚದ ಆ ತುದಿಗೆ ತಳ್ಳಿಸಿದ್ಯಲ್ಲ, ನಂಗೆ ಗೊತ್ತಿಲ್ಲ ಅನ್ಕೊಂಡ್ಯಾ?"

ಬೋಗಿಯಲ್ಲಿ ಒಂದು ಹಂದಿ ಕಿರುಚಿ ಥಟ್ಟನೆ ಸುಮ್ಮನಾಯಿತು.

"ನಿನ್ನ ದಮ್ಮಯ್ಯ ಅಂತೀನಿ ಲಾಯ್ಡ್."

"ಥೂ, ಆ ಮಾತು ನಿನ್ನ ಬಾಯಲ್ಲಿ ಚೆನ್ನಾಗಿರಲ್ಲ. ಹಾರೆ ಎಲ್ಲಿಟ್ಟಿದ್ದೀಯ?"

ಲಿವರ್ ಬಿಟ್ಟು ಇಳಿದವನ ನೌಕರಿ ಉಳಿಯುವುದಿಲ್ಲ. ಆದರೂ ಲಾಯ್ಡ್ ಇಳಿದು ಬಂದ. ಇಬ್ಬರೂ ಗಾಲಿಯಡಿ ಹಾರೆ ಕೊಟ್ಟು ಮೀಟಿದರು. ಬೋಗಿ ಕಂಬದ ಕಡೆಗೆ ಅಂಗುಲ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಎಮಿಲ್‌ನ ಒಂದು ಕಣ್ಣು ಹಂದಿಗಳ ಮೇಲೆ. ಕಿವಿ ಮಾತ್ರ ದೊಡ್ಡ ಲೈನಿನ ಹಳಿಯ ಮೇಲೆ. ಗೋಪುರ ಖಾಲಿಯಿರುವಾಗ ಯಾವುದಾದರೂ ಗಾಡಿ ಬಂದುಬಿಟ್ಟರೆ?

ಕಂಬದ ಹತ್ತಿರ ಮುಟ್ಟಿ, ಪೈಪಿನಿಂದ ಮರಳು ತೋಯಿಸುತ್ತಿದ್ದಾಗಲೇ ಸೀಟಿ ಕೇಳಿತು. ಕೆಂಪು ಸಿಗ್ನಲ್ಲಿನ ಮುಂದೆ ನಿಂತ ಪ್ಯಾಸೆಂಜರ್ ಗಾಡಿ ಕೂಗುತ್ತಲೇ ಇತ್ತು. ಲಾಯ್ಡ್ ಮೊಣಕಾಲವರೆಗೆ ಮೆತ್ತಿದ ಕೆಸರಿನಲ್ಲೇ ಗೋಪುರಕ್ಕೆ ಓಡಿದ.

ಸತ್ತದ್ದು ಒಂದೇ ಹಂದಿ. "ಲಾರೀಲಿ ಇದಕ್ಕಿಂತ ಜಾಸ್ತಿ ಸಾಯ್ತವೆ ಬಿಡು" ಎಂದ ಆಂಟನ್, ಮುಂದೆಯೂ ರೈಲಿಗೇ ಹಾಕಿದ. ಪ್ಯಾಸೆಂಜರ್ ಗಾಡಿ ಕಾದದ್ದೇಕೆಂದು ವಿಚಾರಣೆಗೆ ಬಂದ ಸಾಹೇಬರಿಗೆ ಲಾಯ್ಡ್, "ಹೊಟ್ಟೆ ಕೆಟ್ಟಿತ್ತು, ಹಿತ್ತಲಿಗೆ ಹೋಗಿದ್ದೆ" ಎಂದ. ಎಮಿಲ್‌ನ ಹೆಸರೂ ಎತ್ತಲಿಲ್ಲ, ಹಂದಿಯ ಸುದ್ದಿಯೂ ಎತ್ತಲಿಲ್ಲ. ಅವನನ್ನು ವಯೋಮಿಂಗ್ ಕಡೆಯ ಯಾವುದೋ ಬೋಳು ನಿಲ್ದಾಣಕ್ಕೆ ಎತ್ತಿ ಒಗೆದರು. ಅವನು ಹೊರಟ ದಿನ ಎಮಿಲ್ ಎದುರಿಗೇ ನಿಂತಿದ್ದ. ತಾಯಿಯನ್ನು ಮಣ್ಣು ಮಾಡಿದ ದಿನದ ಸಿಟ್ಟು ಕೈ ಚಾಚಲು ಬಿಡಲಿಲ್ಲ. ರೈಲು ಹೊರಟಿತು.

ಕ್ರಿಸ್ಮಸ್ಸಿಗೆ ಆಂಟನ್ ಹೊಗೆ ಕೊಟ್ಟು ಒಣಗಿಸಿದ ಹಂದಿ ತೊಡೆಯನ್ನು ಲಾಯ್ಡ್‌ನ ಹೆಸರಿಗೆ ಕಟ್ಟಿ, ಎಮಿಲ್ ತಾನೇ ದೊಡ್ಡ ಲೈನಿನ ಗಾರ್ಡಿನ ಕೈಗೆ ಕೊಟ್ಟ. ಮಂಜು ಕರಗುವ ಕಾಲಕ್ಕೆ ಅದು ಬಿಚ್ಚದೆಯೇ ಮರಳಿತು. ಆಸಾಮಿ ಕೆಲಸ ಬಿಟ್ಟಿದ್ದಾನೆ, ಎಲ್ಲಿಗೆ ಹೋದನೋ ಯಾರಿಗೂ ತಿಳಿಯದು ಎಂದರು. ಎಮಿಲ್ ಆಮೇಲೂ ಬಂದುಹೋಗುವ ಗಾರ್ಡುಗಳನ್ನೆಲ್ಲ ಕೇಳಿದ. ಯಾರೂ ಅವನನ್ನು ಕಂಡಿರಲಿಲ್ಲ. ಆ ಋಣ ಹಾಗೇ ಉಳಿಯಿತು.