ಹಾಜರಿಯಲ್ಲಿ ಉಳಿದ ಹೆಸರು

ಪುಣೆಯ ಪೇಠೆಯೊಂದರಲ್ಲಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ನರ್ಸ್ ಆಗಿದ್ದೆ. ಸ್ವಾತಂತ್ರ್ಯಕ್ಕೆ ಇನ್ನೂ ಮೂರು ನಾಲ್ಕು ವರ್ಷವಿತ್ತು. ಹೇನು, ಕಜ್ಜಿ, ಕಣ್ಣುಬೇನೆ, ಇಷ್ಟೇ ನನ್ನ ಕೆಲಸವೆಂದು ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ಒಂದು ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿ ಹದಿನಾಲ್ಕರ ಹುಡುಗಿಯೊಬ್ಬಳನ್ನು ತೋಳು ಹಿಡಿದು ನನ್ನ ಕೋಣೆಗೆ ಕರೆತಂದರು. ಅವಳ ಕಂಪಾಸ್ ಪೆಟ್ಟಿಗೆಯಲ್ಲಿ ಸಣ್ಣ ಕಪ್ಪು ಗುಳಿಗೆಯೊಂದು ಸಿಕ್ಕಿತ್ತು.

"ಅಫೀಮು," ಎಂದರು ಮರಾಠಿಯಲ್ಲಿ. "ತಿಂಗಳಿಂದ ಪಾಠದಲ್ಲಿ ತೂಕಡಿಸುತ್ತಾಳೆ. ನೀವು ಹೌದೆಂದು ಬರೆದುಕೊಡಿ, ಇವತ್ತೇ ಹೆಸರು ತೆಗೆಯುತ್ತೇನೆ."

"ಮೊದಲು ನೋಡುತ್ತೇನೆ, ಬಾಯಿಯವರೇ. ನೀವು ಸ್ವಲ್ಪ ಹೊರಗಿರಬೇಕು."

ಅವರಿಗೆ ಅದು ಹಿಡಿಸಲಿಲ್ಲ. ಆದರೂ ಹೋದರು.

ಗುಳಿಗೆ ಸಿಕ್ಕಿದ ಮಾತ್ರಕ್ಕೆ ತಿಂದಳೆಂದಲ್ಲ. ತೂಕಡಿಕೆಗೆ ನೂರು ಕಾರಣ. ಜ್ವರವಿರಲಿಲ್ಲ. ರಕ್ತ ಕಡಿಮೆಯೆನ್ನಲು ಕೆಳರೆಪ್ಪೆಯ ಒಳಗು ಬಿಳಿಚಿರಲಿಲ್ಲ. ಬೆಳಿಗ್ಗೆ ಊಟ ಮಾಡಿಯೇ ಬಂದಿದ್ದಳು. ಕಿಟಕಿಯನ್ನು ಅರೆ ಮುಚ್ಚಿ ಕಣ್ಣು ನೋಡಿದೆ. ಆ ಮಬ್ಬಿನಲ್ಲಿ ಅಗಲವಾಗಬೇಕಿದ್ದ ಪಾಪೆಗಳು ಸೂಜಿಮೊನೆಯಷ್ಟೇ ಇದ್ದವು. ಉಸಿರು ನಿಧಾನ. ಮೂಗು ಉಜ್ಜಿಕೊಳ್ಳುತ್ತಲೇ ಇದ್ದಳು. ಮೂರೂ ಅಫೀಮಿನ ಗುರುತು.

ಅವಳದು ವಿಜಾಪುರದ ಕಡೆಯ ವ್ಯಾಪಾರಿ ಮನೆತನ, ನನ್ನದು ಧಾರವಾಡ. ನಾನು ಕನ್ನಡಕ್ಕೆ ಹೊರಳಿದೆ.

"ಯಾರು ಕೊಟ್ಟಾರವಾ ಇದನ್ನ? ನಾ ಬೈಯೂದಿಲ್ಲ."

"ನಮ್ಮವ್ವ ರೀ. ತಿಂಗಳ ಹೊಟ್ಟಿನೋವಿಗೆ ಕೊಡ್ತಿದ್ಲು." ತಡೆದು ತಡೆದು ಹೇಳಿದಳು: "ಈಗ ನಾನ ಡಬ್ಬ್ಯಾಗಿಂದ ತಗೋತೀನ್ರಿ, ಅಕ್ಕೋರ. ತಗೋಳ್ಳಿಲ್ಲಂದ್ರ ಮೈಯೆಲ್ಲಾ ಹಿಂಡಿದಂಗ ಆಗ್ತದ."

ಹೊರಗೆ ಬಂದು ಮುಖ್ಯೋಪಾಧ್ಯಾಯಿನಿಗೆ ಹೇಳಿದೆ: "ಹೌದು, ತಿನ್ನುತ್ತಾಳೆ. ಆದರೆ ಹೆಸರು ತೆಗೆಯಬಾರದು."

"ಉಳಿದ ಹುಡುಗಿಯರ ಗತಿ?"

"ಇವಳನ್ನು ಮನೆಗೆ ಕಳಿಸಿದರೆ ಆ ಡಬ್ಬಿಯ ಪಕ್ಕದಲ್ಲೇ ಕೂರಿಸಿದಂತೆ. ಬೇಕಾದರೆ ನನ್ನ ಹೆಸರನ್ನೂ ಜೊತೆಗೇ ತೆಗೆದುಬಿಡಿ."

ಆ ಕೆಲಸ ಬಿಟ್ಟರೆ ನನಗೆ ಬೇರೆ ಆಸರೆ ಇರಲಿಲ್ಲ. "ಪರೀಕ್ಷೆಯವರೆಗೆ ಇರಲಿ," ಎಂದರು ಮುಖ್ಯೋಪಾಧ್ಯಾಯಿನಿ.

ಮರುದಿನ ಅವಳ ತಾಯಿ ಬಂದರು. ಸೆರಗನ್ನು ಬಾಯಿಗೆ ಒತ್ತಿಕೊಂಡು, "ನಾ ಮಗಳಿಗೆ ವಿಷಾ ಹಾಕಿದೆನೇನ್ರಿ?" ಎಂದು ಅತ್ತರು.

"ಔಷಧ ಅಂತ ಕೊಟ್ಟೀರಿ. ಬಿಡಸಾಕೂ ನೀವ ಬೇಕ್ರಿ. ಇವತ್ತ ಆ ಡಬ್ಬಿ ನಮ್ಮ ಸಾಲಿ ಡಾಕ್ಟರ ಕೈಗೆ ಕೊಡ್ರಿ."

ಕೊಟ್ಟರು. ಡಾಕ್ಟರು ದಿನದಿನಕ್ಕೆ ಅಳತೆ ಇಳಿಸಿದರು. ಪ್ರಾರ್ಥನೆಗೆ ಮೊದಲು ಹುಡುಗಿ ನನ್ನ ಕೋಣೆಗೆ ಬರಬೇಕು, ನಾನು ಕಣ್ಣು, ನಾಡಿ ನೋಡಬೇಕು. ಆಕಳಿಕೆ, ಬೆವರು, ಸುರಿಯುವ ಮೂಗು. ಕೆಲವು ದಿನ ಬೆಂಚಿನ ಮೇಲೆ ಮುದುಡಿ ಮಲಗಿ, "ಒಂದ ಒಂದು ಕೊಡ್ರೀ" ಎಂದು ಬೇಡುತ್ತಿದ್ದಳು. ನಾನು ಅವಳ ಕಾಲು ತಿಕ್ಕುತ್ತ, "ಇಲ್ಲವಾ" ಎನ್ನುತ್ತಿದ್ದೆ.

ಎರಡನೆಯ ವಾರ ಒಂದು ಬೆಳಿಗ್ಗೆ ಪಾಪೆಗಳು ಮತ್ತೆ ಚುಕ್ಕೆಯಾಗಿದ್ದವು. ಕೌದಿಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದ ಗುಳಿಗೆ ನುಂಗಿದ್ದಳು. ಡಾಕ್ಟರಿಗೆ ಹೇಳಿದೆ, ಮುಖ್ಯೋಪಾಧ್ಯಾಯಿನಿಗೆ ಹೇಳಲಿಲ್ಲ. ಅದು ಸರಿಯೋ ತಪ್ಪೋ ಇಂದಿಗೂ ಗೊತ್ತಿಲ್ಲ. ಮರುದಿನದಿಂದ ಮತ್ತೆ ಶುರುಮಾಡಿದೆವು.

ಪರೀಕ್ಷೆಯ ಹೊತ್ತಿಗೆ ಗುಳಿಗೆ ಪೂರ್ತಿ ನಿಂತಿತ್ತು. ಗಣಿತದಲ್ಲಿ ನಪಾಸಾದಳು. ಜೂನ್‌ನಲ್ಲಿ ಅದೇ ತರಗತಿಗೆ ಬಂದು ತನಗಿಂತ ಚಿಕ್ಕವರ ನಡುವೆ ಕುಳಿತಳು. ನಾಚಿಕೆ ಆಗುವುದಿಲ್ಲವೇ ಎಂದು ಕೇಳಿದೆ.

"ಆಗ್ತದ್ರಿ," ಎಂದಳು. "ಆದ್ರ ಈ ಸರ್ತಿ ಪಾಠ ಕಿವಿಗೆ ಬೀಳಾಕತ್ತಾವ."