ಗೌರವ್ವನ ಹುತ್ತ

ಕುಳಗೇರಿ ಕ್ರಾಸಿನ ಹತ್ತಿರ ನಾನು ದನದ ಡಾಕ್ಟರಾಗಿದ್ದಾಗ, ಗೌರವ್ವ ಎಂಬ ಮುದುಕಿಯ ಹೊಲದಿಂದ ಒಮ್ಮೆ ಕರೆ ಬಂತು. ಆಕೆಯ ಒಣಬಾವಿಯಲ್ಲಿ ಚಿಪ್ಪುಹಂದಿಯೊಂದು ಬಿದ್ದಿತ್ತು. ಅರಣ್ಯದವರು ಆಗಲೇ ಮೇಲೆತ್ತಿದ್ದರು. ಗಾಯವೇನೂ ಇರಲಿಲ್ಲ. ಆದರೆ ಎಷ್ಟು ದಿನದ ಉಪವಾಸವೋ ಏನೋ, ಚೆಂಡಿನಂತೆ ಸುತ್ತಿಕೊಂಡು ಸುಸ್ತಾಗಿ ಬಿದ್ದಿತ್ತು. ಗೌರವ್ವ ಹಾಲಿನಲ್ಲಿ ರೊಟ್ಟಿ ನೆನೆಸಿ ಅದರ ಮುಂದಿಟ್ಟಿದ್ದಳು.

"ಅದಕ್ಕ ಹಲ್ಲ ಇಲ್ಲಬೇ. ಇರುವಿ, ಗೆದ್ದಲಿ ಬಿಟ್ರ ಬ್ಯಾರೆ ಏನೂ ತಿನ್ನೂದಿಲ್ಲ," ಎಂದೆ.

ಗೆದ್ದಲು ಇದ್ದದ್ದು ಬದುವಿನ ಮೇಲಿನ ಹುತ್ತದಲ್ಲಿ. ಅದಕ್ಕೆ ಅರಿಷಿಣ, ಕುಂಕುಮ, ಹೂವು ಏರಿಸಿದ್ದರು. ಕೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಕಣ್ಣು ಹೋದ ಕಡೆ ಆಕೆಯೂ ನೋಡಿದಳು.

"ಅದನ್ನ ಒಡೀತೈತೇನ್ರಿ?"

"ಹೂಂ. ಉಗುರಿಲೆ ಕೆದರತೈತಿ."

ಆಕೆ ಹುತ್ತದ ಹತ್ತಿರ ಹೋಗಿ ಹೂವು ತೆಗೆದು, ಸೆರಗಿನಿಂದ ಕುಂಕುಮ ಒರೆಸಿ, ಕೈಮುಗಿದಳು. "ತಂದು ಬಿಡ್ರಿ."

ನಾವೆಲ್ಲ ದೂರ ಸರಿದು ಕುಳಿತೆವು. ಹೊತ್ತು ಇಳಿಯುವಾಗ ಚೆಂಡು ಮೆಲ್ಲಗೆ ಬಿಚ್ಚಿಕೊಂಡಿತು. ಮೂಗೆತ್ತಿ ಮೂಸಿ, ಹುತ್ತದ ಬುಡ ಕೆದರಿ, ಗೇಣುದ್ದದ ನಾಲಿಗೆಯನ್ನು ಒಳಗೆ ಬಿಟ್ಟಿತು. ನನಗೆ ಎದೆ ಹಗುರಾಯಿತು. ಆದರೆ ಗೌರವ್ವನ ಕಣ್ಣಲ್ಲಿ ನೀರಿತ್ತು.

"ಬ್ಯಾಸರಾತೇನಬೇ?" ಎಂದೆ.

"ಇಲ್ರಿ," ಎಂದಳು. "ನಲವತ್ತ ವರ್ಸ ಹಾಲೆರದೇನಿ, ನಾಗಪ್ಪ ಒಂದಿನಾನೂ ಹೊರಗ ಬಂದು ಕುಡೀಲಿಲ್ಲ. ಇದು ನೋಡ್ರಿ, ನನ್ನ ಎದುರಿಗೇ ಕುಂತು ಉಣ್ಣಾಕತ್ತೈತಿ."