ಅರ್ಧಕ್ಕೆ ಬಿಚ್ಚಿಸಿದ ತಂತಿ

ವಿನುತಾ, ನಿನ್ನ ಹಲ್ಲಿನ ತಂತಿಯನ್ನು ಅರ್ಧಕ್ಕೆ ಬಿಚ್ಚಿಸಿದ್ದು ನಾನು. ಡಾಕ್ಟರಲ್ಲ — ನಿನ್ನ ಅಪ್ಪ.

ಆಗ ನಿನಗೆ ಹದಿಮೂರು. ಸಾಲಿಗ್ರಾಮದಲ್ಲಿ ನಾನು ಕಲಿಸುತ್ತಿದ್ದ ಮಕ್ಕಳ ಯಕ್ಷಗಾನ ತಂಡಕ್ಕೆ ಮುಂಬಯಿಯಿಂದ ಕರೆ ಬಂದಿತ್ತು; ಅಭಿಮನ್ಯು ನೀನೇ. ಕುಣಿತಕ್ಕೆ ಹೆಸರಿಡುವಂತಿರಲಿಲ್ಲ. ಆದರೆ ತಂತಿ ತುಟಿಗೆ ತಾಗಿ ಮಾತು ತೊದಲುತ್ತಿತ್ತು, 'ಶರ' ಅನ್ನುವಲ್ಲಿ ಎಂಜಲು ಸಿಡಿಯುತ್ತಿತ್ತು. ಹಿಮ್ಮೇಳದವರು ನಕ್ಕರು. ನೀನೂ ನಕ್ಕೆ. ನನಗೆ ನಗು ಬರಲಿಲ್ಲ — ನಿನ್ನ ಮಾನದ ಪ್ರಶ್ನೆ ಅಂದುಕೊಂಡೆ. ಅಲ್ಲ, ನನ್ನದು.

ನಿನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಕುಂದಾಪುರದ ಡಾಕ್ಟರ ಕೋಣೆಗೆ ಮೊದಲು ಒಬ್ಬನೇ ಹೋದೆ. ಈಗ ಬಿಚ್ಚಿದರೆ ಹಲ್ಲು ಹಿಂದಿನ ಜಾಗಕ್ಕೇ ಸರಿಯುತ್ತದೆ, ಇನ್ನೊಂದು ವರ್ಷ ಬೇಕು ಎಂದು ಅವರು ಬಿಡಿಸಿ ಹೇಳಿದರು. ಮಗು ನೋವಿಗೆ ಅನ್ನ ಬಿಟ್ಟಿದೆ ಎಂದು ಸುಳ್ಳು ಹೇಳಿದೆ. ನೀವು ಬಿಚ್ಚದಿದ್ದರೆ ಬೇರೆಯವರಿದ್ದಾರೆ ಎಂದೆ. ಅವಳಿಗೇನೂ ಹೇಳಬೇಡಿ, ಹೆದರುತ್ತಾಳೆ — ಎಂದೂ ಕೇಳಿಕೊಂಡೆ. ಅವರು ಸೋತರು. ಹಲ್ಲು ಸರಿಯದೆ ನಿಲ್ಲಲು ಬಾಯೊಳಗೆ ಹಾಕುವ ಒಂದು ಪ್ಲೇಟ್ ಮಾಡಿಸಿಡುತ್ತೇನೆ, ತಪ್ಪದೆ ಹಾಕಿಸಿ ಎಂದರು. ಅದಕ್ಕೂ ಮಾತು ತೊದಲೀತು ಎಂದು — ನಾನು ತರಲು ಹೋಗಲೇ ಇಲ್ಲ.

"ಡಾಕ್ಟ್ರ್ ಎಂತ ಹೇಳ್ರ್ ಅಪ್ಪಯ್ಯ?" ಬಸ್ಸಿನಲ್ಲಿ ನೀನು ಕೇಳಿದೆ.

"ಎಲ್ಲ ಸಮ ಆಯ್ತಂಬ್ರ್. ಇನ್ ತಂತಿ ಬ್ಯಾಡಂಬ್ರ್."

ಮುಂಬಯಿಯಲ್ಲಿ ಚಪ್ಪಾಳೆ ಬಿತ್ತು. ಮರುವರ್ಷವೇ ಹಲ್ಲು ಒಂದರ ಮೇಲೊಂದು ಏರಿತು. ಕಾಲೇಜು ಸೇರುವಷ್ಟರಲ್ಲಿ ನೀನು ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದೆ. ಆಮೇಲೆ ವೇಷ ಕಟ್ಟುವುದನ್ನೇ ಬಿಟ್ಟೆ. ತಂತಿಯನ್ನು ಅರ್ಧಕ್ಕೇ ಬಿಚ್ಚಿದ್ದರಿಂದ ಹೀಗಾಯಿತು ಎಂದು ಬೇರೊಬ್ಬ ಡಾಕ್ಟರು ನಿನಗೆ ಹೇಳಿದರು.

ಕೋಟದಲ್ಲಿ ನೆಂಟರ ಆ ಮದುವೆ... ಊಟಕ್ಕೆ ಕುಂದಾಪುರದ ಡಾಕ್ಟರು ನಮ್ಮೆದುರೇ ಕುಳಿತಿದ್ದರು.

"ಅರ್ಧಕ್ಕೇ ಬಿಚ್ಚಿದ್ದ್ ಎಂತಕೆ ಡಾಕ್ಟ್ರೇ? ನನ್ ಬಾಯಿ ಹಾಳ್ ಮಾಡ್ದರ್ ನೀವೇ."

ನೀನು ದನಿ ಏರಿಸಲಿಲ್ಲ. ಆದರೂ ಅಕ್ಕಪಕ್ಕದವರ ಕೈ ನಿಂತಿತು. ಡಾಕ್ಟರು ನನ್ನನ್ನು ನೋಡಿದರು. ಒಂದು ಮಾತು ನನ್ನಿಂದ ಬರಲಿ ಎಂದು ಕಾದರು. ನಾನು ತಲೆಯೆತ್ತದೆ ಅನ್ನ ಕಲಸುತ್ತಿದ್ದೆ.

"ತಪ್ಪಾಯ್ತಮ್ಮ," ಎಂದರು ಅವರೇ. ಪಾಯಸ ಬರುವ ಮೊದಲೇ ಎದ್ದು ಹೋದರು.

ಈಗ ನಿನ್ನ ಮಗಳಿಗೂ ತಂತಿ ಹಾಕಿಸಬೇಕಂತೆ. ಆ ಡಾಕ್ಟರ ಮೆಟ್ಟಿಲು ಮಾತ್ರ ಹತ್ತುವುದಿಲ್ಲ ಎಂದೆಯಲ್ಲ ನಿನ್ನೆ ಫೋನಿನಲ್ಲಿ — ಅದಕ್ಕೂ ನಾನು ಹೂಂಗುಟ್ಟಿದೆ.

ನಾಳೆ ಕುಂದಾಪುರಕ್ಕೆ ಹೋಗಿ ಅವರೆದುರು ನಿಲ್ಲುತ್ತೇನೆ. ಅದಕ್ಕೆ ಮೊದಲು ನಿನಗೆ ತಿಳಿಯಬೇಕಿತ್ತು. ಇಷ್ಟು ವರ್ಷ ಅವರ ಮೇಲೆ ಇಟ್ಟುಕೊಂಡ ಸಿಟ್ಟು — ಅದು ನನಗೆ ಸೇರಬೇಕಾದದ್ದು, ಮಗಾ.